ಕಪ್ಪುಬಂಡೆಯ ಬಳಿ ನೆಟ್ಟ ಗುರುತು

1918, ಫೆಬ್ರವರಿ 3, ಭಾನುವಾರ. ಗಡ್ಡೆ 18 ಅಂಗುಲ.

ಈ ಪುಸ್ತಕ ಅಪ್ಪನದು. ಚಳಿಗಾಲವಿಡೀ ದಿನಕ್ಕೊಮ್ಮೆ ಸರೋವರಕ್ಕೆ ತೂತು ಕೊರೆದು, ಮಂಜುಗಡ್ಡೆ ಎಷ್ಟು ದಪ್ಪವಿದೆ ಎಂದು ಅಳೆದು ಇದರಲ್ಲಿ ಬರೆಯುತ್ತಿದ್ದ. ಅಪ್ಪನ ನಂತರ ತಮ್ಮ ಬರೆದ. ಇನ್ನು ನಾನು ಬರೆಯಬೇಕು. ಅಂಗುಲ ಬರೆದ ಮೇಲೂ ಪುಟದಲ್ಲಿ ಬೇಕಾದಷ್ಟು ಜಾಗ ಉಳಿಯುತ್ತದೆ. ದಡದ ಈ ದೋಣಿಮನೆಯಲ್ಲಿ ಮಾತಾಡಲು ಒಂದು ಬೆಕ್ಕೂ ಇಲ್ಲ. ಇಲ್ಲೇ ನಾಲ್ಕು ಮಾತು ಗೀಚಿದರೆ ಯಾರ ಗಂಟೇನು ಹೋಗುತ್ತದೆ?

ತಮ್ಮ ಮನೆ ಬಿಟ್ಟು ಹೋಗಿ ನಾಲ್ಕು ದಿನವಾಯಿತು. ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಡಿಸೆಂಬರಿನಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತೆಂದು ಚರ್ಚಿನ ಗಂಟೆ ಬಾರಿಸಿದರು. ಎರಡು ತಿಂಗಳು ತುಂಬಿಲ್ಲ, ನಮ್ಮವರೇ ನಮ್ಮವರ ಮೇಲೆ ಬಂದೂಕು ಹಿಡಿದಿದ್ದಾರೆ. ತೆಂಕಣ ದಡ ಕೆಂಪುಪಟ್ಟಿಯವರದು. ನಮ್ಮ ಬಡಗಣ ದಡ ಬಿಳಿಪಟ್ಟಿಯವರದಂತೆ. ತೋಳಿಗೆ ಒಂದು ಬಟ್ಟೆ ಚೂರು ಕಟ್ಟಿಕೊಂಡರೆ ಮುಗಿಯಿತು, ಮನುಷ್ಯ ಬೇರೆಯಾಗಿಬಿಡುತ್ತಾನೆ. ಅವನು ಕೆಂಪು ಕಟ್ಟಿಕೊಂಡ. "ಗೇಣಿ ಜಮೀನಿಗೋಸ್ಕರ ಸಾಯೋವರೆಗೂ ಇನ್ನೊಬ್ಬರ ಹೊಲ ಉಳೋದೇನು ಬಾಳು?" ಎಂದ. ನಮಗೆ ಜಮೀನೇ ಇಲ್ಲ. ಬೇಸಿಗೆಗೆ ದೋಣಿ ನಡೆಸುತ್ತೇವೆ, ಚಳಿಗಾಲಕ್ಕೆ ಗಡ್ಡೆಯ ಮೇಲಿನ ದಾರಿ ಕಾಯುತ್ತೇವೆ. ಯಾರದ್ದೋ ಹೊಲಕ್ಕೆ ಇವನದೇನು ಉರಿ?

"ಹೋದ್ರೆ ಈ ದಡಕ್ಕೆ ಮತ್ತೆ ಕಾಲಿಡಬೇಡ," ಎಂದೆ.

ಹಿಮದಲ್ಲಿ ಜಾರುವ ಹಲಗೆಗಳನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. "ಆಯ್ತು. ದಾರಿ ಮಾತ್ರ ಸರಿಯಾಗಿ ಇಟ್ಟಿರು, ಅಕ್ಕ."

ನನಗೆ ಹೇಳಿಕೊಡಲು ಬಂದ! ನಾನು ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು, ಅವನ ಮೂಗು ಒರೆಸಿದವಳು. ಇವತ್ತು ಭಾನುವಾರ. ಆದರೂ ದಾರಿ ತೋರಿಸಲು ಗಡ್ಡೆಯಲ್ಲಿ ನೆಟ್ಟ ಗುರುತಿನ ಕೊಂಬೆಗಳಲ್ಲಿ ನಿನ್ನೆಯ ಗಾಳಿಗೆ ಬಿದ್ದವನ್ನೆಲ್ಲ ಎತ್ತಿ ನೆಟ್ಟು ಬಂದೆ. ದಾರಿಗೆ ಭಾನುವಾರ ಗೊತ್ತಿಲ್ಲ ಎಂದು ಅಪ್ಪ ನಮ್ಮಿಬ್ಬರನ್ನೂ ಎಷ್ಟು ಭಾನುವಾರ ಎಬ್ಬಿಸಿ ಓಡಿಸಿದ್ದಾನೆ. ಡಬ್ಬಿಯಲ್ಲಿ ನಿಜವಾದ ಕಾಫಿ ಬೀಜ ಒಂದು ಹಿಡಿ ಉಳಿದಿದೆ. ಅವನು ಬಂದು ಕೇಳಿದರೂ ಕೊಡುವುದಿಲ್ಲ.

ಫೆಬ್ರವರಿ 9, ಶನಿವಾರ. ಗಡ್ಡೆ 19.

ಹನ್ನೆರಡು ಜನ ಬಿಳಿಪಟ್ಟಿಯವರು ಬಂದು ದೋಣಿಮನೆಯಲ್ಲಿ ಬೀಡುಬಿಟ್ಟರು. ಕೇಳಿ ಬರಲಿಲ್ಲ. ಎಲ್ಲ ಪಶ್ಚಿಮದ ಬಯಲುಸೀಮೆಯ ರೈತರು, ಸರೋವರ ಕಂಡವರಲ್ಲ. ಅವರ ಲೆಫ್ಟಿನೆಂಟ್ ಒಬ್ಬನೇ ಓದಿದವನು; ಬೂಟಿನ ಹಿಮ ಕೊಡವಿ ಒಳಗೆ ಬಂದ, ಅಷ್ಟು ಮರ್ಯಾದೆ ಇದೆ.

ಶನಿವಾರದ ಹಬೆಸ್ನಾನ ತಪ್ಪಿಸಲು ಆಗುತ್ತದೆಯೇ, ಸೌನಾದ ಒಲೆಗೆ ಬೆಂಕಿ ಹಾಕಿದೆ. ನಾಲ್ವರು ನಾಲ್ವರಾಗಿ ಹೋಗಿ ಹಬೆಯಲ್ಲಿ ಬೆಂದು ಬಂದರು. ಪಟ್ಟಿಗಳೆಲ್ಲ ಹೊರಗೆ ಮೊಳೆಗೆ ನೇತಾಡುತ್ತಿದ್ದವು. ತಾನೆಲಿ ಎಂಬ ಐವತ್ತರ ಗಂಡಸು ಬಾಗಿಲಲ್ಲಿ ನಿಂತು ಆವಿಯಾಡುತ್ತಾ ಹೇಳಿದ: "ಯಜಮಾನ್ತಿ, ಇದನ್ನ ಹಬೆ ಅಂತೀರಾ? ನಮ್ಮೂರಲ್ಲಿ ಇಷ್ಟಕ್ಕೆ ಆಲೂಗಡ್ಡೇನೂ ಬೇಯಲ್ಲ."

"ಆಲೂಗಡ್ಡೆ ಬಾಯ್ಮುಚ್ಕೊಂಡು ಬೇಯುತ್ತೆ. ಅದಕ್ಕೇ ಬೇಗ ಬೇಯೋದು," ಎಂದೆ.

ಎಲ್ಲರೂ ನಕ್ಕರು. ಈ ಮನೆಯಲ್ಲಿ ಯಾರಾದರೂ ನಕ್ಕು ಹತ್ತು ದಿನವಾಗಿತ್ತು.

ಫೆಬ್ರವರಿ 17. ಗಡ್ಡೆ 21.

ಹಿಮ. ಆಚೆ ದಡದಲ್ಲಿ ಫಿರಂಗಿ. ಏನೂ ಇಲ್ಲ.

ಫೆಬ್ರವರಿ 24, ಭಾನುವಾರ. ಗಡ್ಡೆ 22.

ಬೆಳಿಗ್ಗೆ ಮೇಜಿನ ಮೇಲೆ ಎರಡು ಲೋಟ ಇಟ್ಟಿದ್ದೆ. ಕೈಗೆ ಬುದ್ಧಿ ಇಲ್ಲ. ತೆಗೆಯುವಷ್ಟರಲ್ಲಿ ತಾನೆಲಿ ಬಂದು ಅಲ್ಲೇ ಕುಳಿತ. ಹುರಿದ ರೈ ಧಾನ್ಯದ ಕಷಾಯವನ್ನೇ ಕಾಫಿ ಎಂದುಕೊಂಡು ಕುಡಿದ. ಅವನಿಗೆ ಊರಲ್ಲಿ ಎರಡು ಕುದುರೆ, ಒಬ್ಬಳು ಮಗಳು. ಹೆಂಡತಿ ಹೋಗಿ ಆರು ವರ್ಷ.

"ಇದು ಯಾರ ಲೋಟ?" ಎಂದ.

"ಯಾರದ್ದೂ ಅಲ್ಲ."

"ಹಿಡೀನ ಎಡಗೈಲಿ ಹಿಡಿದ್ರೆ ತುಟಿ ತಾಗೋ ಕಡೆ ಅಂಚು ಸವೆದಿದೆ. ಎಡಗೈಯವರ ಲೋಟ."

ರೈತನ ಕಣ್ಣು. ಬರಿದಾದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ತೊಳೆಯಲು ಹೋದೆ.

ಮಾರ್ಚ್ 5, ಮಂಗಳವಾರ. ಗಡ್ಡೆ 22. ಕಾಲುವೆ ಬಾಯಲ್ಲಿ 2.

ಲೆಫ್ಟಿನೆಂಟ್ ನಕ್ಷೆ ಹರಡಿಕೊಂಡು ನನ್ನನ್ನು ಕರೆದ. ನದಿ ಸರೋವರಕ್ಕೆ ಬೀಳುವ ಕಾಲುವೆ ಬಾಯಲ್ಲಿ ಒಳಸೆಳೆತವಿದೆ. ಎಂಥ ಚಳಿಗೂ ಅಲ್ಲಿ ಗಡ್ಡೆ ಗಟ್ಟಿಯಾಗುವುದಿಲ್ಲ. ಮೇಲೆ ಹಿಮ ಬಿದ್ದರೆ ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಅದನ್ನು ಅವನು ಯಾರಿಂದಲೋ ತಿಳಿದುಕೊಂಡಿದ್ದಾನೆ.

"ಕೆಂಪಿನವರು ಈ ವಾರ ದಾಟಿ ಬರ್ತಾರೆ ಅಂತ ಸುದ್ದಿ ಇದೆ. ಸರೋವರದ ನಡುವಿರೋ ಕಪ್ಪುಬಂಡೆಯಿಂದ ಈಚೆಗೆ ನಿಮ್ಮ ಗುರುತುಗಳನ್ನೆಲ್ಲ ಕಿತ್ತುಬಿಡಿ. ಬಂಡೆಯಿಂದ ನೇರ ಕಾಲುವೆ ಬಾಯಿಗೆ ಹೊಸ ಸಾಲು ನೆಡಿ."

"ಅದು ದಾರಿಯಲ್ಲ. ಜನ ಮುಳುಗ್ತಾರೆ."

"ಹೌದು," ಎಂದ. ನಕ್ಷೆ ಮಡಿಸುತ್ತಾ, "ನೀವು ನೆಡದಿದ್ರೆ ನನ್ನ ಜನ ನೆಡ್ತಾರೆ, ಯಜಮಾನ್ತಿ. ನಿಮ್ಮನ್ನ ಪಟ್ಟಣದ ಜೈಲಿಗೆ ಕಳಿಸಬೇಕಾಗುತ್ತೆ."

ಎರಡು ತಲೆಮಾರು ಕಾಯ್ದ ದಾರಿ. ಒಬ್ಬ ಕುಡುಕನೂ ಅದರ ಮೇಲೆ ಸತ್ತಿಲ್ಲ. ನಾಳೆ ನೆಡುತ್ತೇನೆ ಎಂದು ಹೇಳಿ ಬಂದೆ.

ಮಾರ್ಚ್ 6, ಬುಧವಾರ. ಗಡ್ಡೆ 22.

ನೆಟ್ಟೆ. ಹಳೆಯ ಸಾಲನ್ನೂ ಕಿತ್ತೆ. ಆದರೆ ಹೊಸ ಸಾಲಿಗೆ ಜುನಿಪರ್ ನೆಟ್ಟೆ.

ನಡೆಯುವ ದಾರಿಗೆ ಸ್ಪ್ರೂಸ್ ಮರದ ತುದಿ ನೆಡುವುದು. ತೆಳುಗಡ್ಡೆಯ ಸುತ್ತ ಜುನಿಪರ್ ಪೊದೆ ನೆಡುವುದು. ನಮ್ಮ ಸರೋವರದ ಸುತ್ತಲಿನ ಮಗುವಿಗೂ ಇದು ಗೊತ್ತು. ಜುನಿಪರ್ ಕಂಡರೆ ಕುದುರೆ ತಿರುಗಿಸಬೇಕು. ಬಯಲುಸೀಮೆಯವರಿಗೆ ಎರಡೂ ಬರೀ ಹಸಿರು. ಲೆಫ್ಟಿನೆಂಟ್ ದುರ್ಬೀನು ಹಿಡಿದು ನೋಡಿ, "ಸಾಲು ನೆಟ್ಟಗಿದೆ," ಎಂದ.

ಪೊದೆ ಕಡಿಯಲು ನೆರವಾದದ್ದು ತಾನೆಲಿ. ಕೈಗೆಲ್ಲ ಮುಳ್ಳು ಚುಚ್ಚಿಸಿಕೊಂಡು ಗೊಣಗಿದ: "ನಮ್ಮಲ್ಲಿ ಇದನ್ನ ಕುದಿಸಿ ಹಾಲಿನ ಪಾತ್ರೆ ತೊಳೀತಾರೆ. ಸ್ಪ್ರೂಸ್ ಆದ್ರೆ ಚುಚ್ಚಲ್ಲ ಅಲ್ವಾ?"

"ಸ್ಪ್ರೂಸ್ ಗುಡ್ಡದ ಮೇಲಿದೆ. ಇದು ದಡದಲ್ಲೇ ಸಿಗುತ್ತೆ," ಎಂದೆ.

ಸುಳ್ಳು ಕಾರಣ ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ನಾನು ಮಾಡಿದ್ದು ಕೆಂಪಿನವರಿಗಾಗಿ ಅಲ್ಲ, ದಾರಿಗಾಗಿ. ತಮ್ಮನಿಗಾಗಿಯಂತೂ ಅಲ್ಲವೇ ಅಲ್ಲ.

ಮಾರ್ಚ್ 11, ಸೋಮವಾರ. ಗಡ್ಡೆ 21.

ಬೆಳಗಿನ ಮಂಜಿನಲ್ಲಿ ಬಂದರು. ಎಂಬತ್ತು ಜನವಿರಬಹುದು. ಕಪ್ಪುಬಂಡೆಯವರೆಗೆ ಬಂದು ನಿಂತರು. ಬಿಳಿಪಟ್ಟಿಯವರು ಕಿಟಕಿಗೆ ಬಂದೂಕು ಇಟ್ಟು ಕಾದರು. ನಾನು ಒಲೆಯ ಹಿಂದೆ ಕುಳಿತಿದ್ದೆ. ಒಂದು ಗುಂಡೂ ಹಾರಲಿಲ್ಲ. ಮಂಜು ಸರಿದಾಗ ಗಡ್ಡೆ ಖಾಲಿ. ಬಂದ ದಾರಿಯಲ್ಲೇ ಹಿಂದೆ ಹೋಗಿದ್ದರು.

ಲೆಫ್ಟಿನೆಂಟ್ ಬಿಳಿಚಿಕೊಂಡಿದ್ದ. "ಯಾರೋ ಅವರಿಗೆ ಸುಳಿವು ಕೊಟ್ಟಿದಾರೆ," ಎಂದು ನನ್ನತ್ತಲೇ ನೋಡಿದ.

ತಾನೆಲಿ ಎದ್ದು ನಿಂತ. "ಸಾರ್, ನೀವು ಹೇಳಿದಲ್ಲೇ ನೆಟ್ಟಿದಾರೆ. ನಾನೇ ಜೊತೇಲಿದ್ದೆ. ನನ್ನ ಕೈ ನೋಡಿ, ಇನ್ನೂ ಊದಿದೆ."

ನನ್ನ ಪರವಾಗಿ ಅವನು ಸತ್ಯ ಹೇಳಿದ್ದ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಮಾರ್ಚ್ 12, ಮಂಗಳವಾರ. ಗಡ್ಡೆ 21.

ಗಡ್ಡೆ ಅಳೆಯುವ ನೆಪದಲ್ಲಿ ಬಂಡೆಯವರೆಗೆ ಹೋದೆ. ಮೊದಲನೆಯ ಜುನಿಪರ್ ಗಿಡದ ಕೊಂಬೆಗೆ ಒಂದು ಹಗ್ಗದ ತುಂಡು ಕಟ್ಟಿತ್ತು. ದೋಣಿ ಕಟ್ಟುವ ಗಂಟು, ತಿರುಚಿದ್ದು ಉಲ್ಟಾ. ಎಡಗೈಯವನ ಗಂಟು.

ಇದ್ದಾನೆ. ಗುರುತು ಓದಿದ್ದಾನೆ. ನನ್ನದೆಂದು ತಿಳಿದಿದ್ದಾನೆ.

ಗಡ್ಡೆಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ, ಮೂಗಿನ ತುದಿ ಮರಗಟ್ಟಿಹೋಗಿತ್ತು. ತಲೆವಸ್ತ್ರದ ಅಂಚು ಹರಿದು ಅವನ ಗಂಟಿನ ಕೆಳಗೆ ನನ್ನದೊಂದು ಕಟ್ಟಿ ಬಂದೆ. ಬುದ್ಧಿಗೇಡಿ ಕೆಲಸ. ನೋಡೋಣ, ಏನು ಮಾಡುತ್ತಾನೋ.

ಮಾರ್ಚ್ 14. ಗಡ್ಡೆ 21.

ಹೋಗಿ ನೋಡಿದೆ. ನನ್ನ ಗಂಟು ಹಾಗೇ ಇದೆ. ಹೊಸದಿಲ್ಲ.

ಮಾರ್ಚ್ 15. ಗಡ್ಡೆ 20.

ಹೊಸದಿಲ್ಲ. ಕಾಫಿ ಬೀಜ ಬೂಸ್ಟು ಹಿಡಿದಿದೆಯೇನೋ ಎಂದು ಡಬ್ಬಿ ತೆಗೆದು ನೋಡಿದೆ. ಚೆನ್ನಾಗಿದೆ.

ಮಾರ್ಚ್ 16, ಶನಿವಾರ. ಗಡ್ಡೆ 20.

ಬಿಳಿಪಟ್ಟಿಯವರೆಲ್ಲ ತೆಂಕಣಕ್ಕೆ ನುಗ್ಗುತ್ತಿದ್ದಾರೆ. ನಸುಕಿನಲ್ಲಿ ನಾನೇ ಕೋಲು ಹಿಡಿದು ಮುಂದೆ ನಡೆದು, ಗುರುತಿಲ್ಲದ ಗಟ್ಟಿ ಗಡ್ಡೆಯ ಮೇಲೆ ಅವರನ್ನು ದಾಟಿಸಿದೆ. ಯಾವ ದಡದ ಮೇಲೆ ಯಾರನ್ನು ಬಿಡುತ್ತಿದ್ದೇನೆಂದು ಯೋಚಿಸಲಿಲ್ಲ. ಯೋಚಿಸಿದರೆ ಕಾಲು ಏಳುತ್ತಿರಲಿಲ್ಲ.

ತಾನೆಲಿ, "ಮುಂದಿನ ಶನಿವಾರ ಸೌನಾಕ್ಕೆ ಬರ್ತೀನಿ. ಸರಿಯಾಗಿ ಕಾಯ್ಸಿ, ಆಲೂಗಡ್ಡೆ ಬೇಯೋ ಹಾಗೆ," ಎಂದು ಹೋದ.

ಲೆಫ್ಟಿನೆಂಟ್ ತಿರುಗಿ ನಿಂತು ಹೇಳಿದ: "ಇವತ್ತೇ ದಾರಿ ಮೊದಲಿನ ಹಾಗೆ ಮಾಡಿಬಿಡಿ. ಗಾಯ ಆದವರನ್ನ ಇದೇ ದಾರೀಲಿ ಕಳಿಸ್ತೀವಿ. ಮರೀಬೇಡಿ."

ಮರೆಯಲಿಲ್ಲ. ಕೊಡಲಿ ಹಿಡಿದು ಗುಡ್ಡಕ್ಕೂ ಹೋದೆ. ಆದರೆ ಜುನಿಪರ್ ಕಿತ್ತರೆ ಗಂಟೂ ಹೋಗುತ್ತದೆ. ಇವತ್ತು ಸಂಜೆ ಅವನೇನಾದರೂ ಬಂದು ನೋಡಿದರೆ? ಕಿತ್ತಿದ್ದಾಳೆ, ಇನ್ನೂ ಸಿಟ್ಟಿದೆ ಎಂದುಕೊಂಡರೆ? ಇನ್ನೊಂದು ದಿನ ಇರಲಿ. ಗಾಯಾಳುಗಳು ಇಷ್ಟು ಬೇಗ ಎಲ್ಲಿ ಬರುತ್ತಾರೆ.

ಮಾರ್ಚ್ 17, ಭಾನುವಾರ. ಗಡ್ಡೆ 20.

ಇವತ್ತು ಭಾನುವಾರ. ಕೆಲಸ ಮಾಡುವ ದಿನವಲ್ಲ. ನಾಳೆ ಬೆಳಕು ಹರಿದ ಕೂಡಲೇ ನೆಡುತ್ತೇನೆ. ಸ್ಪ್ರೂಸ್ ಕಡಿದು ದಡದಲ್ಲಿ ಒಟ್ಟಿದ್ದೇನೆ, ನಲವತ್ತಾರು.

ಮಧ್ಯಾಹ್ನ. ಕಪ್ಪುಬಂಡೆಯ ಕಡೆ ಒಂದು ಗುಂಡಿನ ಸದ್ದು. ಒಂದೇ. ಹೋಗಿ ನೋಡುತ್ತೇನೆ.

ಮಾರ್ಚ್ 20, ಬುಧವಾರ.

ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಬಂಡೆಯ ಬಳಿ ಒಂದು ಜಾರುಬಂಡಿ ನಿಂತಿತ್ತು. ಅದರ ಮೂತಿ ಜುನಿಪರ್ ಸಾಲಿನ ಕಡೆಗಿರಲಿಲ್ಲ. ಪೂರ್ವಕ್ಕೆ, ಗುರುತಿಲ್ಲದ ಗಟ್ಟಿ ಗಡ್ಡೆಯ ಕಡೆಗೆ ತಿರುಗಿತ್ತು. ಬಂಡಿಯಲ್ಲಿ ತೊಡೆಗೆ ಬಟ್ಟೆ ಸುತ್ತಿಸಿಕೊಂಡ ತಾನೆಲಿ. ಪಕ್ಕದಲ್ಲಿ ಬಂದೂಕು ಹಿಡಿದು ನಿಂತಿದ್ದ ಕಾವಲಿನವನು, ಮೂವತ್ತರ ಗಂಡಸು, ಪೂರ್ವದ ಕಾಡಿನ ಕಡೆಯವನು, ನಾನು ಕಂಡವನಲ್ಲ. ಕುದುರೆಯ ಮುಂದೆ ಮೂವತ್ತು ಹೆಜ್ಜೆ ದೂರದಲ್ಲಿ, ಎಡಗೈಯಲ್ಲಿ ಕೋಲು ಹಿಡಿದು ಬೋರಲು ಬಿದ್ದಿದ್ದವನು ನನ್ನ ತಮ್ಮ, ನೆಸ್ತೋರಿ.

ಶನಿವಾರ ಸೆರೆ ಸಿಕ್ಕನಂತೆ. ಬಂಡಿ ಹೊಡೆಯುವವರು ಬೇಕೆಂದಾಗ, "ನಾನು ಹುಟ್ಟಿದ್ದೇ ಆಚೆ ದಡದಲ್ಲಿ," ಎಂದು ತಾನಾಗಿ ಮುಂದೆ ಬಂದನಂತೆ.

ಉಳಿದದ್ದನ್ನು ಹೇಳಿದವನು ತಾನೆಲಿ. "ಬಂಡೆ ಹತ್ರ ಬಂದ ಕೂಡ್ಲೇ ಕುದುರೆ ನಿಲ್ಲಿಸಿ ನಗೋಕೆ ಶುರುಮಾಡಿದ. 'ಇದು ದಾರಿಯಲ್ಲ. ಇದನ್ನ ನೆಟ್ಟಿರೋದು ನಮ್ಮಕ್ಕ,' ಅಂದ. ಗಿಡದ ಹತ್ರ ಹೋಗಿ ಅದೇನೋ ಬಟ್ಟೆ ಚೂರು ಬಿಚ್ಚಿ ಜೇಬಿಗೆ ಹಾಕ್ಕೊಂಡ. ಆಮೇಲೆ ಬಂಡಿ ತಿರುಗಿಸಿ, ಕೋಲು ತಗೊಂಡು ಇಳಿದು ಮುಂದೆ ಹೊರಟ."

ಗುರುತಿಲ್ಲದ ಕಡೆ ದಾರಿಯವನು ಇಳಿದು ಕುದುರೆಯ ಮುಂದೆ ನಡೆಯುತ್ತಾನೆ. ಕೋಲಿನಿಂದ ಗಡ್ಡೆ ಕುಟ್ಟಿ, ಸದ್ದು ಕೇಳಿ, ನಂತರ ಕುದುರೆ ಕರೆಯುತ್ತಾನೆ. ಅಪ್ಪ ಕಲಿಸಿದ್ದು ಹಾಗೆ. ಕಾವಲಿನವನಿಗೆ ಕಂಡದ್ದೇ ಬೇರೆ: ಗುರುತು ಬಿಟ್ಟು ಬಂಡಿ ತಿರುಗಿಸಿ, ಕೈಗೊಂದು ಕೋಲು ಹಿಡಿದು ಓಡಿಹೋಗುವ ಸೆರೆಯಾಳು.

"ಮೂರು ಸಲ ಕೂಗಿದೆ, ತಾಯಿ," ಎಂದ. "ದೇವರಾಣೆ, ಮೂರು ಸಲ ಕೂಗಿದೆ. ಅವನು ತಿರುಗಲೇ ಇಲ್ಲ."

ತಿರುಗುವುದಿಲ್ಲ. ಗಡ್ಡೆಯ ಸದ್ದು ಕೇಳುವಾಗ ನೆಸ್ತೋರಿಗೆ ಬೇರೇನೂ ಕೇಳಿಸುವುದಿಲ್ಲ. ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ನೆಸ್ತೋರಿ ಬಿಟ್ಟ ಕೋಲನ್ನು ನಾನು ಎತ್ತಿಕೊಂಡೆ. ಮುಂದೆ ನಡೆದೆ. ಗಡ್ಡೆ ಗಟ್ಟಿಯಾಗಿತ್ತು, ದಡದವರೆಗೂ ಗಟ್ಟಿಯಾಗಿತ್ತು. ಹಿಂದೆ ಬಂಡಿಯಲ್ಲಿ ತಾನೆಲಿಯ ಪಕ್ಕ ಅವನನ್ನು ಮಲಗಿಸಿದ್ದರು.

ಮಾರ್ಚ್ 23, ಶನಿವಾರ.

ಸೌನಾವನ್ನು ಹದವಾಗಿ ಬೆಚ್ಚಗೆ ಮಾಡಿ ಅಲ್ಲಿ ನೆಸ್ತೋರಿಯನ್ನು ತೊಳೆದೆ. ಅಮ್ಮ ನಮ್ಮಿಬ್ಬರನ್ನು ಹೆತ್ತದ್ದೂ ಅದೇ ಹಲಗೆಯ ಮೇಲೆ. ಅವನು ಹುಟ್ಟಿದ ದಿನ ನೀರು ಹೊತ್ತು ತಂದವಳು ನಾನೇ. ಅಂಗಿಯ ಜೇಬಿನಲ್ಲಿ ನನ್ನ ತಲೆವಸ್ತ್ರದ ಅಂಚು ಸಿಕ್ಕಿತು. ಮತ್ತೆ ಅಲ್ಲೇ ಇಟ್ಟೆ.

ಕೆಂಪುಪಟ್ಟಿಯವರಿಗೆ ಚರ್ಚಿನ ಅಂಗಳದಲ್ಲಿ ಜಾಗ ಇಲ್ಲವೆಂದರು. ದಡದ ಮೇಲೆ ಬೆಂಕಿ ಹಾಕಿ ಹೆಪ್ಪುಗಟ್ಟಿದ ನೆಲ ಸಡಿಲಿಸಿ ಗುಂಡಿ ಅಗೆದವನು ಆ ಕಾವಲಿನವನೇ. ನಾನು ಕೇಳಿರಲಿಲ್ಲ. ಅಗೆದು ಮುಗಿಸಿ, ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

ಡಬ್ಬಿಯ ಕಾಫಿ ಬೀಜ ಹುರಿದೆ, ಬೀಸಿದೆ, ಕುದಿಸಿದೆ. ಮಣ್ಣು ಮಾಡಿ ಬಂದವರಿಗೆ ಕಾಫಿ ಕೊಡದೆ ಕಳಿಸುವ ಪದ್ಧತಿಯಿಲ್ಲ. ತಾನೆಲಿಗೆ ಒಂದು ಲೋಟ, ಕಾವಲಿನವನಿಗೆ ಒಂದು. ಅವನನ್ನು ಬೈಯಬೇಕೆಂದು ಆರು ದಿನದಿಂದ ಮಾತು ಹುಡುಕುತ್ತಿದ್ದೆ. ಸಿಕ್ಕ ಮಾತೆಲ್ಲ ನನಗೇ ಸಲ್ಲಬೇಕಾದವು. ಕುಡಿದು ಹೋದ.

ಏಪ್ರಿಲ್ 7, ಭಾನುವಾರ.

ಕೆಂಪಿನವರ ತಾಂಪೆರೆ ಪಟ್ಟಣ ಬಿದ್ದಿತಂತೆ. ಸಾವಿರಾರು ಜನ ಸೆರೆ. ಅವರಿಗೆಲ್ಲ ಅಕ್ಕಂದಿರು ಇರುತ್ತಾರೆ.

ತಾನೆಲಿ ಕೋಲೂರಿ ಓಡಾಡುತ್ತಾನೆ. ನಾಳೆ ಅವನ ಊರಿನ ಕಡೆಗೆ ಬಂಡಿ ಇದೆ. ಸಂಜೆ ಒಲೆಯ ಮುಂದೆ ಕುಳಿತಿದ್ದಾಗ, ಇಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ.

"ಯಜಮಾನ್ತಿ, ದಾರಿ ಸರಿಮಾಡಿ ಅಂತ ಲೆಫ್ಟಿನೆಂಟ್ ಹೇಳಿದ್ದು ಶನಿವಾರ ಅಲ್ವಾ?"

"ಹೌದು."

"ನಾವು ಬಂದದ್ದು ಭಾನುವಾರ."

"ಹೌದು."

ಗಂಟಿನ ವಿಷಯ ಹೇಳಿದೆ. ನನ್ನ ತಮ್ಮನಿಂದ ಇನ್ನೊಂದು ಗಂಟು ಬರಲೆಂದು ಕಾದೆ ಎಂದು ಹೇಳಿದೆ. ಜೋರಾಗಿ ಹೇಳಿದಾಗ ಎಷ್ಟು ಸಣ್ಣ ಮಾತು ಅದು. ತಾನೆಲಿ ಒಲೆಗೆ ಇನ್ನೊಂದು ಕೊಳ್ಳಿ ನೂಕಿದ.

"ನನ್ನ ಮಗಳಾಗಿದ್ರೂ ಕಾಯ್ತಿದ್ಲು," ಎಂದ. ಆಮೇಲೆ, "ಅವನು ಆ ಗಂಟು ಬಿಚ್ಕೊಂಡಾಗ ನಗ್ತಿದ್ದ. ಅದನ್ನ ನಾನು ಕಣ್ಣಾರೆ ನೋಡಿದೀನಿ."

ಕ್ಷಮಿಸಿದೆ ಎನ್ನಲಿಲ್ಲ. ಅದು ಅವನ ಕೈಯಲ್ಲೂ ಇಲ್ಲ.

ಏಪ್ರಿಲ್ 8. ಗಡ್ಡೆ 9.

ತಾನೆಲಿ ಹೋದ. ಬಂಡಿ ಹತ್ತುವ ಮೊದಲು, "ಗಡ್ಡೆ ಅಳೀರಿ, ಯಜಮಾನ್ತಿ. ಮೂರು ವಾರದಿಂದ ಅಳೆದಿಲ್ಲ," ಎಂದು ಗದರಿ ಹೋದ. ಅಳೆದೆ. ನೀರು ಮೇಲೆ ನಿಂತು ಗಡ್ಡೆ ಪೊಳ್ಳಾಗಿದೆ. ಇನ್ನು ಕುದುರೆಗಳನ್ನು ಬಿಡುವಂತಿಲ್ಲ. ಜುನಿಪರ್‌ಗಳನ್ನೆಲ್ಲ ಕಿತ್ತು ತಂದೆ. ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ಒಲೆಯಲ್ಲಿ ಕೊಳ್ಳಿ ಜಾರಿದರೂ ತಿರುಗಿ ನೋಡುತ್ತೇನೆ.

ಮೇ 2.

ಗಡ್ಡೆ ಕರಗಿ ಸರೋವರ ಬಿಚ್ಚಿತು. ದೋಣಿಯ ಹಗ್ಗ ಎಳೆಯಲು ಇಬ್ಬರು ಬೇಕು.

ಡಿಸೆಂಬರ್ 22, ಭಾನುವಾರ. ಗಡ್ಡೆ 7.

ಹೊಸ ಗಡ್ಡೆ ಏಳು ಅಂಗುಲವಾದರೆ ಕುದುರೆಯ ಭಾರ ತಡೆಯುತ್ತದೆ. ಇವತ್ತು ದಾರಿ ತೆರೆದೆ.

ನಸುಕಿಗೆ ಹೊರಟು, ಬೆಳಕು ಇರುವಷ್ಟು ಹೊತ್ತೂ ಒಬ್ಬಳೇ ನೆಟ್ಟೆ. ಈ ದಡದಿಂದ ಕಪ್ಪುಬಂಡೆಗೆ, ಬಂಡೆಯಿಂದ ತೆಂಕಣ ದಡಕ್ಕೆ, ನೂರ ಹನ್ನೆರಡು ಸ್ಪ್ರೂಸ್. ಕಾಲುವೆ ಬಾಯಿಗೆ ಸುತ್ತ ಜುನಿಪರ್ ನೆಟ್ಟೆ. ಹೊರಗಿನವರಿಗೂ ತಿಳಿಯಲೆಂದು ಪ್ರತಿ ಗಿಡದ ಪಕ್ಕ ಒಂದು ಹಲಗೆ ನಿಲ್ಲಿಸಿದ್ದೇನೆ. ಒಂದೊಂದರ ಮೇಲೂ ದೋಣಿಗೆ ಬಳಿಯುವ ಕಪ್ಪು ಟಾರಿನಲ್ಲಿ ಬರೆದಿದ್ದೇನೆ: ಇಲ್ಲಿ ಗಡ್ಡೆ ತೆಳು, ಹಿಂದಿರುಗಿ. ಅಪ್ಪ ಕಂಡಿದ್ದರೆ ಇಷ್ಟೊಂದು ಅಕ್ಷರ ಯಾಕೆ ಎಂದು ನಗುತ್ತಿದ್ದ.

ಮೇಜಿನ ಮೇಲೆ ಎರಡು ಲೋಟ ಇಟ್ಟಿದ್ದೇನೆ. ಕೈ ತಪ್ಪಿ ಅಲ್ಲ.

ಬೆಳಿಗ್ಗೆ ಹಾಸಿಗೆಯಲ್ಲಿ, ಇವತ್ತು ಭಾನುವಾರ, ನಾಳೆ ಮಾಡಿದರಾಯಿತು ಎಂದು ಒಂದು ಗಳಿಗೆ ಅನ್ನಿಸಿತ್ತು. ಎದ್ದೆ. ನೆಸ್ತೋರಿ, ದಾರಿ ಸರಿಯಾಗಿದೆ.